ಎರಡು ಸ್ವತಂತ್ರ ತೂಕಗಳು

ಮಾರ್ಚ್ ೧೧, ಬುಧವಾರ

ನಮ್ಮ ತಕ್ಕಡಿ ಮಹಾರಾಯನಿಗೆ,

ಕ್ಷೇಮವೇ ಎಂದು ಕೇಳುವುದಿಲ್ಲ. ನಿನ್ನ ಪತ್ರದ ಹುಮ್ಮಸ್ಸೇ ಎಲ್ಲ ಹೇಳುತ್ತಿದೆ. ಮಗಳು ಅದನ್ನು ನನಗಿಂತ ಮೊದಲೇ ಒಡೆದು ಓದಿ, "ಅಪ್ಪ ಮನೆಗೆ ವಾಪಸ್ ಬರ್ತಾರಂತೆ!" ಎಂದು ಕುಣಿದಾಡಿದಳು. ಇನ್ನೊಬ್ಬರ ಟಪಾಲು ಒಡೆಯುವ ಬುದ್ಧಿ ಅವಳಿಗೆ ಎಲ್ಲಿಂದ ಬಂತೆಂದು ನಾನು ಹೇಳಬೇಕಿಲ್ಲ.

ನಾವಿಬ್ಬರೂ ಇರುವ ಅಳತೆ ಸಮಿತಿಯ ಕೆಲಸವನ್ನೂ ನಿನಗೆ ನೆನಪಿಸಬೇಕಿಲ್ಲ, ಆದರೂ ನೆನಪಿಸುತ್ತೇನೆ. ಒಂದು ಅಳತೆ ಎಷ್ಟರಮಟ್ಟಿಗೆ ತಪ್ಪಿರಬಹುದು ಎಂಬುದನ್ನು ಪ್ರಾಮಾಣಿಕವಾಗಿ ಲೆಕ್ಕ ಹಾಕುವುದು ಹೇಗೆಂದು ಜಗತ್ತಿನ ಪ್ರಯೋಗಾಲಯಗಳಿಗೆಲ್ಲ ಹೇಳಿಕೊಡುವ ಮಾರ್ಗದರ್ಶಿಯನ್ನು ನಾವು ಪರಿಷ್ಕರಿಸುತ್ತಿದ್ದೇವೆ. ಹೊಸ ಅಧ್ಯಾಯದ ಉದಾಹರಣೆಗಾಗಿ ಒಂದೇ ಹಿತ್ತಾಳೆಯ ತೂಕದ ಬಟ್ಟನ್ನು ನಿನ್ನ ಪ್ರಯೋಗಾಲಯವೂ ನನ್ನದೂ, ಒಬ್ಬರ ಫಲಿತಾಂಶ ಇನ್ನೊಬ್ಬರಿಗೆ ತಿಳಿಯದಂತೆ ತೂಗಬೇಕಿತ್ತು. ಎರಡೂ ತೂಕಗಳು ಸ್ವತಂತ್ರವೆಂದು ನಾನು ಶುಕ್ರವಾರ ರುಜು ಹಾಕಬೇಕು.

ಕಳೆದ ತಿಂಗಳು ನೀನು ಮಗಳ ಕೋಟು ಕೊಡಲು ಬಂದಾಗ, ನಾನು ಅಡುಗೆಮನೆಯಲ್ಲಿ ನಿಂತು ಫೋನಿನಲ್ಲಿ ನನ್ನ ಸಹಾಯಕಿಗೆ ಆ ಬಟ್ಟಿನ ತೂಕವನ್ನು ಒಂದೊಂದೇ ಅಂಕಿಯಾಗಿ ಹೇಳುತ್ತಿದ್ದೆ. ನೀನು ಬಾಗಿಲಲ್ಲಿ ಬಗ್ಗಿ ಬೂಟಿನ ದಾರ ಕಟ್ಟಿಕೊಳ್ಳುತ್ತಿದ್ದೆ. ದಾರ ಕಟ್ಟಲು ಅಷ್ಟು ಹೊತ್ತು ಬೇಕೇ ಎಂದು ಆಗ ಅನ್ನಿಸಲಿಲ್ಲ, ಈಗ ಅನ್ನಿಸುತ್ತಿದೆ. ನೀನು ಬರೆದು ಕಳಿಸಿರುವ ತೂಕ, ನಾನು ಅವತ್ತು ಹೇಳಿದ್ದಕ್ಕೆ ಕೊನೆಯ ಅಂಕಿಯವರೆಗೂ ಸರಿಹೋಗಿದೆ.

ಒಳ್ಳೆಯ ತಕ್ಕಡಿಗಳು ಹೊಂದಿಕೊಳ್ಳುತ್ತವೆ, ನಾವೂ ಹೊಂದಿಕೊಳ್ಳಬಾರದೇಕೆ ಎಂದು ಬರೆದಿದ್ದೀಯ. ಓದಿ ಕಣ್ಣು ತುಂಬಿತು. ಮರುಕ್ಷಣವೇ ನನ್ನ ಹಳೆಯ ಟಿಪ್ಪಣಿ ತೆಗೆದು ಎರಡೂ ಅಂಕಿಗಳನ್ನು ಅಕ್ಕಪಕ್ಕ ಇಟ್ಟು ನೋಡಿದೆ. ನಮ್ಮ ಕಸುಬಿನಲ್ಲಿ ಇಷ್ಟೊಂದು ಹೊಂದಾಣಿಕೆ ಕಂಡರೆ ಯಾರಾದರೂ ಹುಬ್ಬೇರಿಸುತ್ತಾರೆ. ನನ್ನ ಸಹಾಯಕಿ ಮಾತ್ರ, "ಕಾಕತಾಳೀಯ ಇರ್ಬಹುದು ಮೇಡಂ, ಮನೆಯವರ ಮೇಲೇ ಅನುಮಾನ ಪಟ್ರೆ ಹೇಗೆ?" ಎಂದಳು. ಅವಳಿಗೆ ಇನ್ನೂ ಮದುವೆಯಾಗಿಲ್ಲ.

ನೇರವಾಗಿಯೇ ಕೇಳುತ್ತೇನೆ. ಬಟ್ಟನ್ನು ತೂಗಿದೆಯಾ, ಇಲ್ಲ ಕಿವಿಗೆ ಬಿದ್ದದ್ದನ್ನೇ ಬರೆದು ಕಳಿಸಿದೆಯಾ? ನನ್ನನ್ನು ಮೆಚ್ಚಿಸಲು ಮಾಡಿದ್ದರೂ ಮಾಡಿದ್ದು ಮಾಡಿದ್ದೇ. ನೀನು ಮನೆಗೆ ಬರಬೇಕೆಂಬ ಆಸೆ ನನಗೂ ಇದೆ, ಸುಳ್ಳು ಯಾಕೆ ಹೇಳಲಿ. ಆದರೆ ನಿನ್ನ ಒಂದೊಂದು ಮಾತನ್ನೂ ದಿನವೂ ಪರೀಕ್ಷೆ ಮಾಡಿಕೊಂಡು ಬದುಕುವುದು ನನ್ನಿಂದಾಗದು. ಶುಕ್ರವಾರದೊಳಗೆ ಉತ್ತರ ಬರಲಿ.

ನೀನೇ ಇಟ್ಟ ಹೆಸರಿನ,
ಸಂಶಯಪಿಶಾಚಿ

ತಾ.ಕ.: ಅವತ್ತು ಫೋನಿನಲ್ಲಿ ಹೇಳಿದ ತೂಕ ತಪ್ಪು. ಗಾಳಿ ಬಟ್ಟನ್ನು ಕೊಂಚ ಎತ್ತಿ ಹಿಡಿಯುತ್ತದಲ್ಲ, ಆ ತಿದ್ದುಪಡಿ ಸೇರಿಸಲು ಮರೆತಿದ್ದೆ. ಮರುದಿನ ಸೇರಿಸಿದಾಗ ಅಂಕಿಯೇ ಬದಲಾಯಿತು. ನೀನು ನಿಜವಾಗಿ ತೂಗಿದ್ದರೆ ಆ ಹಳೆಯ ಅಂಕಿ ಸಿಗುತ್ತಿರಲಿಲ್ಲ. ಆ ತಿದ್ದುಪಡಿಯನ್ನು ನನಗೆ ಕಲಿಸಿದವನೇ ನೀನು. ಇದನ್ನು ಮುಚ್ಚಿಟ್ಟು, ಏನು ಉತ್ತರ ಬರೆಯುತ್ತೀಯೋ ನೋಡಿಯೇಬಿಡೋಣ ಎಂದು ಪತ್ರ ಮುಗಿಸಿದ್ದೆ. ಆದರೆ ನೀನು ಬರೆಯಬಹುದಾದ ಸುಳ್ಳನ್ನು ಓದುವ ಧೈರ್ಯ ನನಗಿಲ್ಲ ಕಣೋ.