ಎರಡನೇ ಸಹಿ

ಮಾರ್ಚ್ 3, ಸೋಮವಾರ, ಮಧ್ಯಾಹ್ನ

ಓಪಿಡಿ ಮುಗಿಯಿತು. ನಲವತ್ತೊಂದು ಜನ. ಅರ್ಧ ಜನಕ್ಕೆ ನಿದ್ದೆಯಿಲ್ಲ. ಉಳಿದರ್ಧ, ಅವರಿಂದಾಗಿ ನಿದ್ದೆಗೆಟ್ಟವರು.

ನಾಳೆಯಿಂದ ಮೂರು ದಿನ ಗುಡ್ಡದಾಚೆ ಕ್ಯಾಂಪ್. ಯಾರನ್ನಾದರೂ ಬಲವಂತವಾಗಿ ವಾರ್ಡಿಗೆ ಸೇರಿಸಬೇಕಾದರೆ ಇಬ್ಬರು ಡಾಕ್ಟರ ಸಹಿ ಬೇಕು. ಇಲ್ಲಿರುವುದೇ ಇಬ್ಬರು — ದೊಡ್ಡ ಡಾಕ್ಟರು, ಅವರ ಕೈಕೆಳಗೆ ಸೈಕಿಯಾಟ್ರಿ ಕಲಿಯುತ್ತಿರುವ ನಾನು. "ನೀನಿಲ್ದಾಗ ಕೇಸ್ ಬಂದ್ರೆ ಏನ್ಮಾಡ್ಲಿ? ಆರು ಖಾಲಿ ಫಾರಂಗೆ ಸಹಿ ಹಾಕಿಟ್ಟು ಹೋಗಮ್ಮ" ಅಂದರು. ಹಾಕಿದೆ. ಹಿಂದಿನ ಟ್ರೈನಿಗಳೂ ಹಾಕುತ್ತಿದ್ದರಂತೆ.

ಮಾರ್ಚ್ 7

ವಾಪಸ್. ಏಳನೇ ಮಂಚದಲ್ಲಿ ಪೋಸ್ಟ್‌ಮ್ಯಾನ್. ಆಸ್ಪತ್ರೆಗೆ ಕಾಗದ ತರುತ್ತಿದ್ದವನು ಈಗ ನಮ್ಮ ರೋಗಿ. ಮಾತು ನೆಟ್ಟಗಿದೆ, ನಾಲಿಗೆ ಮಾತ್ರ ಔಷಧಿಗೆ ತೊದಲುತ್ತಿದೆ.

"ದೊಡ್ಡ ಡಾಕ್ಟ್ರ ಕಾಗದ ಒಡೆದು ಓದ್ತೀನಂತೆ. ನಿಮಗೂ ಹಾಗೇ ಅನ್ನಿಸ್ತಾ ಡಾಕ್ಟ್ರೇ? ಸಹಿ ಹಾಕಿದೀರಲ್ಲ..."

ಅವನ ಮುಖ ನೋಡಲಾಗಲಿಲ್ಲ. ನಾಚಿಕೆಯಾಯಿತು.

ಮಾರ್ಚ್ 8, ಬೆಳಿಗ್ಗೆ

ದೊಡ್ಡ ಡಾಕ್ಟರನ್ನು ಕೇಳಿದೆ. ಹನ್ನೊಂದು ಲಕೋಟೆ ಮೇಜಿನ ಮೇಲೆ ಹರಡಿದರು. "ಅಂಟು ನೋಡು, ಹೊಸದು." ಎಲ್ಲವೂ ಔಷಧಿ ಜಾಹೀರಾತು. ಹೊರಗಿನಿಂದ ಯಾರೂ ಇಣುಕದಂತೆ ಕಿಟಕಿಯ ಗಾಜಿಗೆಲ್ಲ ಎಕ್ಸ್‌ರೇ ಹಾಳೆ ಅಂಟಿಸಿದ್ದಾರೆ. ಸಂಶಯದ ಕಾಯಿಲೆಯ ಲಕ್ಷಣಗಳನ್ನು ನನಗೆ ಒಂದೊಂದಾಗಿ ಕಲಿಸಿದವರೇ ಇವರು. ಇಂದು ಒಂದೊಂದನ್ನೂ ಅವರಲ್ಲೇ ಕಂಡೆ. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ಹೇಳುವುದು?

ಉಳಿದ ಐದು ಫಾರಂ ವಾಪಸ್ ಕೇಳಿದೆ. ಅವನ್ನು ಡ್ರಾಯರಿಗೆ ತಳ್ಳಿದರು. "ಯಾರು ಕೇಳಿಸ್ತಿರೋದು ನಿನ್ ಕೈಲಿ?"

ಕೊಡಲಿಲ್ಲ. ಕೋಲು ಕೊಟ್ಟು ಹೊಡೆಸಿಕೊಳ್ಳುವುದು ಅಂದರೆ ಇದೇ.

ಮಾರ್ಚ್ 10

ನೀರಿನ ಟ್ಯಾಂಕ್ ಹತ್ತಿದರೆ ಮಾತ್ರ ಸಿಗ್ನಲ್. ಹೆಡ್ ಆಫೀಸಿನ ಗುಮಾಸ್ತ ಪೂರ್ತಿ ಕೇಳಿಸಿಕೊಂಡ. "ಬರೆದು ಕೊಡಿ ಮೇಡಂ. ನಿಮ್ ಸೂಪರ್‌ವೈಸರ್ ಮೂಲಕ."

ಅಕ್ಕನಿಗೆ ಹೇಳಿದರೆ ನಕ್ಕಳು. "ಹುಚ್ಚು ಬಿಡೋವರೆಗೂ ಮದುವೆ ಆಗಲ್ಲ, ಮದುವೆ ಆಗೋವರೆಗೂ ಹುಚ್ಚು ಬಿಡಲ್ಲ ಅಂದಂಗಾಯ್ತು ನಿನ್ ಕಥೆ." ಆಮೇಲೆ ನಗು ನಿಂತಿತು. "ಹೊರಟು ಬಾರೇ. ಸುಮ್ನೆ ಹೊರಟು ಬಾ."

ಬಸ್ ಇರುವುದು ಶುಕ್ರವಾರ. ಹೋದರೆ ಪೋಸ್ಟ್‌ಮ್ಯಾನ್ ಗತಿ? ಬಿಡಿಸುವುದಕ್ಕೂ ಎರಡು ಸಹಿ ಬೇಕು. ಊರಿಗೆ ಹೋಗಿ ಯಾರನ್ನಾದರೂ ಕರೆದುಕೊಂಡೇ ಬರಬೇಕು.

ಮಾರ್ಚ್ 13

ವಾರ್ಡಿನ ಸಿಸ್ಟರ್ ಕಾಫಿ ತಂದಿಟ್ಟು ಅಲ್ಲೇ ನಿಂತಳು. "ನಿದ್ದೆ ಬರ್ತಿದ್ಯಾ ಡಾಕ್ಟ್ರೇ? ಟ್ಯಾಂಕ್ ಮೇಲೆ ನಿಂತ್ಕೊಂಡು ಒಬ್ರೇ ಮಾತಾಡ್ತಿದ್ರಂತೆ."

"ಫೋನಲ್ಲಿ."

"ಹೌದೌದು."

ಆ ಹೌದೌದು ನನಗೆ ಗೊತ್ತು. ರೋಗಿಗಳಿಗೆ ನಾನೂ ಹಾಗೇ ಅನ್ನುವುದು. ಹೆದರಿಕೆಯಾಗುತ್ತಿದೆ.

ಮಾರ್ಚ್ 14, 10.15

ಅವರು ರೌಂಡ್ಸಿಗೆ ಹೋದಾಗ ಡ್ರಾಯರ್ ತೆಗೆದೆ. ನಾಲ್ಕೇ ಇವೆ. ಹರಿದು ಕಮೋಡಿಗೆ ಹಾಕಿದೆ. ಐದನೆಯದು? ಹೊಸ ರೋಗಿ ಯಾರೂ ಬಂದಿಲ್ಲ. ಹೆಂಗಸರ ವಾರ್ಡಿನಲ್ಲಿ ಒಂದು ಮಂಚಕ್ಕೆ ಒಗೆದ ಬೆಡ್‌ಶೀಟ್ ಹಾಸಿದ್ದಾರೆ.

11.20

ಬ್ಯಾಗ್ ರೆಡಿ. ಬಸ್ ಹನ್ನೆರಡಕ್ಕೆ. ಬಾಗಿಲ ಆಚೆ ಸಿಸ್ಟರ್, ಇಬ್ಬರು ಅಟೆಂಡರ್. ಚಿಲಕ ಹಾಕಿದ್ದೇನೆ. ಸಹಿ ಹಾಕಿದಾಗ ಫಾರಂ ಖಾಲಿ ಇತ್ತು ಎಂದು ಕೂಗಿ ಹೇಳಿದೆ.

"ಗೊತ್ತು ಡಾಕ್ಟ್ರೇ" ಅಂದಳು, ಮೆತ್ತಗೆ. "ನೀವೇ ಸಹಿ ಹಾಕಿದೀರಲ್ಲ, ಅದೇ ಒಳ್ಳೇದಾಯ್ತು. ಒಪ್ಕೊಂಡೋರಿಗೆ ಬೇಗ ವಾಸಿಯಾಗುತ್ತೆ."

ಐದು ನಿಮಿಷ ಟೈಮ್ ಕೇಳಿದ್ದೇನೆ. ನಾನು ಸರಿಯಾಗಿದ್ದೇನೆ ಅನ್ನಬಾರದು, ಎಲ್ಲರೂ ಅನ್ನುವುದು ಅದನ್ನೇ. ಅವರಿಗೇ ಕಾಯಿಲೆ ಅಂತಲೂ ಅನ್ನಬಾರದು. ಅಳಬಾರದು. ಏನು ಮಾಡಿದರೂ ಫೈಲಿಗೆ ಹೋಗುತ್ತದೆ. ಬಾಗಿಲು ನಾನೇ ತೆಗೆಯಬೇಕು. ನಗಬೇಕು, ಜಾಸ್ತಿ ಅಲ್ಲ. ರೋಗಿಗಳನ್ನು ನಾವು ಕೇಳುವ ಕ್ರಮದಲ್ಲೇ ಮೊದಲು ಇವತ್ತಿನ ತಾರೀಖು ಹೇಳಿ, ಆಮೇಲೆ ನನ್ನ ಹೆಸ—