ಕರೆಂಟು ಹೋಗದ ದಿನ

ಆಗಸ್ಟ್ 1, ಸಂಜೆ

ಸಾರಿ. ಮತ್ತೆ ಬರೆಯಲು ಕೂತಿದ್ದೇನೆ. ಯಾರಿಗೆ ಸಾರಿ ಹೇಳುತ್ತಿದ್ದೇನೋ... ನನಗೇ ಇರಬೇಕು. ಸ್ಕೂಲ್ ಹಾಸ್ಟೆಲಿನಲ್ಲಿ ನನ್ನ ಡೈರಿಯನ್ನು ಊಟದ ಹಾಲಿನಲ್ಲಿ ಬೆಂಚು ಹತ್ತಿ ಓದಿದ್ದರು. ಇನ್ನು ಹಾಸ್ಟೆಲ್ ಎನ್ನುವ ಕಡೆ ಒಂದಕ್ಷರ ಬರೆಯುವುದಿಲ್ಲ ಎಂದು ಅವತ್ತೇ ಆಣೆ ಇಟ್ಟುಕೊಂಡಿದ್ದೆ. ಆದರೆ ಬರೆಯದಿದ್ದರೆ ಎಲ್ಲ ತಲೆಯಲ್ಲೇ ಸುತ್ತುತ್ತಿರುತ್ತದೆ. ಓವರ್‌ಲೋಡ್.

ಈ ಸಲ ಬೀಗ ಇದೆ. ಅಣ್ಣನ ಹಳೇ ಕೆಂಪು ಬೀಗ, ಬೀರುವಿಗೆ. ಅಣ್ಣ ಕೆಲಸ ಮಾಡುವ ಸಬ್‌ಸ್ಟೇಷನ್ನಿನಲ್ಲಿ, ಕೆಲಸಕ್ಕೆ ಇಳಿಯುವ ಮೊದಲು ಲೈನ್ ಆಫ್ ಮಾಡಿ, ಆ ಸ್ವಿಚ್ಚಿಗೆ ಅವರವರ ಬೀಗ ಅವರವರೇ ಹಾಕಬೇಕಂತೆ. ಕೀಲಿ ಅವರವರ ಜೇಬಿನಲ್ಲಿ. ಹಾಕಿದವರೇ ತೆಗೆಯಬೇಕು.

“ಸಾಹೇಬ್ರು ಬಂದು ತೆಗಿ ಅಂದ್ರೆ?” ಎಂದು ಕೇಳಿದ್ದೆ.

“ಸಾಹೇಬ್ರ ಮಾವ ಬಂದ್ರೂ ಇಲ್ಲ.”

ಇವತ್ತು ಒಂದನೇ ತಾರೀಖು, ನನ್ನ ದಿನ. ಮೆಟ್ಟಿಲ ಕೆಳಗಿನ ಬೋರ್ಡಿನ ಬಾಗಿಲು ತೆಗೆದು ಟ್ರಿಪ್ಪರಿನ ‘ಟಿ’ ಬಟನ್ ಒತ್ತಿದೆ. ಟಕ್. ಇಡೀ ಬ್ಲಾಕ್ ಕತ್ತಲು. ಮೂರೂ ಮಹಡಿಯಿಂದ ಬೈಗುಳ — “ಲೇ ಕರೆಂಟೂ, ನಿನ್ನ ತಿಂಗಳ ಹರಕೆ ಮುಗೀತೇನೇ?” ಲಿವರ್ ಎತ್ತಿದೆ, ಬೆಳಕು ಬಂತು. ತಿಂಗಳಿಗೊಮ್ಮೆ ಒತ್ತಿ ನೋಡಬೇಕು ಎಂದು ಇಲ್ಲಿನ ವೈರ್‌ಮನ್ ಅಂಕಲ್ಲೇ ಹೇಳಿಕೊಟ್ಟಿದ್ದು. ಎಲೆಕ್ಟ್ರಿಕಲ್ ಹುಡುಗಿ ಎಂದು ಕೆಲಸ ನನಗೇ ಬಿಟ್ಟರು. ನಿಜ ಹೇಳಬೇಕೆಂದರೆ, ಈ ಕಾಲೇಜಿನಲ್ಲಿ ನನಗೆ ಕೈ ನಡುಗದೆ ಮಾಡಲು ಬರುವುದು ಇದೊಂದೇ.

ಟ್ರಿಪ್ಪರ್ ಏನು ಮಾಡುತ್ತದೆ ಎಂದು ಅಣ್ಣ ಫೋನಿನಲ್ಲಿ ಹೇಳಿದ್ದು: “ನಿಮ್ಮ ವಾರ್ಡನ್ ಸಂಜೆ ಹಾಜರಿ ತಗೊಳ್ಳಲ್ವಾ? ಹಾಗೇನೇ. ಎಷ್ಟು ಕರೆಂಟು ಆಚೆ ಹೋಯ್ತೋ ಅಷ್ಟೂ ವಾಪಸ್ ಬರಬೇಕು. ಒಂಚೂರು ಕಮ್ಮಿ ಬಂದ್ರೂ, ಯಾರದೋ ಮೈ ಮೂಲಕ ನೆಲಕ್ಕೆ ಹೋಯ್ತು ಅಂತ ಲೆಕ್ಕ. ತಕ್ಷಣ ಗೇಟ್ ಬಂದ್.”

ಕ್ಲಾಸಿನಲ್ಲಿ ಇದನ್ನೇ ಎರಡು ಗಂಟೆ ಪಾಠ ಮಾಡಿದ್ದರು. ತಲೆಗೆ ಹತ್ತಿರಲಿಲ್ಲ.

ಆಗಸ್ಟ್ 9

ಮೂರು ದಿನದಿಂದ ಬೆಳಗಾದರೆ ಕರೆಂಟು ಹೋಗುತ್ತಿದೆ. ಟ್ರಿಪ್ಪರ್ ಬಿದ್ದಿರುತ್ತದೆ. ಸರಿಯಾಗಿ ಸ್ನಾನದ ಹೊತ್ತಿಗೆ. ಫೈನಲ್ ಇಯರಿನವರು ತಲೆಗೆ ಶಾಂಪೂ ಮೆತ್ತಿಕೊಂಡೇ ನನ್ನ ರೂಮಿನ ಬಾಗಿಲು ಬಡಿಯುತ್ತಾರೆ — ಪವರ್ ಹೌಸ್ ನನ್ನ ಮಂಚದ ಕೆಳಗಿರುವ ಹಾಗೆ.

ಒಬ್ಬಳು ಅಂದಳು: “ನಲ್ಲಿ ಮುಟ್ಟಿದ್ರೆ ಕೈ ಜುಮ್ ಅಂತು ಕಣೇ, ಅಷ್ಟರಲ್ಲೇ ಕರೆಂಟು ಹೋಯ್ತು.” ಎಲ್ಲರೂ ನಕ್ಕರು. ನಾನೂ.

ಅಂಕಲ್ ಬಂದು ನೋಡಿದರು. ಎರಡನೇ ಮಹಡಿಯ ಬಾತ್‌ರೂಮಿನ ಗೀಸರ್. ಒಳಗಿನ ಕಾಯಿಲ್ ಬಿರುಕು ಬಿಟ್ಟಿದೆ, ಹೊಸದು ಹಾಕಲೇಬೇಕು ಎಂದರು. ವಾರ್ಡನ್ ಮೇಡಂ, “ಆಫೀಸಿಗೆ ಬರೆದು ಕಳಿಸ್ತೀನಿ,” ಎಂದರು. ಆಫೀಸ್ ಎಂದರೆ ಗೊತ್ತಲ್ಲ.

ಆಗಸ್ಟ್ 14, ಲಂಚ್ ಬ್ರೇಕ್

ಸರ್ಕಿಟ್ಸ್ ಟೆಸ್ಟಿನಲ್ಲಿ ಫೇಲ್. ಅಪ್ಪನಿಗೆ ಹೇಳಿಲ್ಲ.

ಬೆಳಿಗ್ಗೆ ಮತ್ತೆ ಟ್ರಿಪ್. ಮೆಟ್ಟಿಲ ಹತ್ತಿರ ನಮ್ಮ ಬ್ಲಾಕಿನ ಲೀಡರ್, ಫೈನಲ್ ಇಯರಿನ ಅಕ್ಕ, ಅಡ್ಡ ನಿಂತಳು. “ನೀನೇ ಒತ್ತಿ ಒತ್ತಿ ಕೆಡಿಸಿದ್ದು ಅದನ್ನ. ಪ್ಲೇಸ್‌ಮೆಂಟ್ ಇಂಟರ್‌ವ್ಯೂಗೆ ನಾನು ಒದ್ದೆ ಕೂದಲಲ್ಲಿ ಹೋಗ್ಲಾ?”

ನನಗೆ ಬಾಯಿ ಕಟ್ಟಿತು. ಯಾವಾಗಲೂ ಹೀಗೇ — ಹೇಳಬೇಕಾದ ಮಾತು ರೂಮಿಗೆ ಬಂದ ಮೇಲೆ ಬರುತ್ತದೆ. ನನ್ನ ರೂಮ್‌ಮೇಟ್ ಗುಬ್ಬಿ ಇದ್ದಳು ಪುಣ್ಯಕ್ಕೆ. ನನ್ನ ಭುಜದಷ್ಟೂ ಎತ್ತರವಿಲ್ಲ, ಬಾಯಿ ಮಾತ್ರ ಲೌಡ್‌ಸ್ಪೀಕರ್. “ಅಕ್ಕಾ, ಒದ್ದೆ ಕೂದಲು ಚೆನ್ನಾಗೇ ಕಾಣತ್ತೆ. ಮುಖಕ್ಕೇನ್ ಮಾಡ್ತೀರೋ ಅದು ಯೋಚಿಸಿ.”

ರೂಮಿಗೆ ಬಂದು ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಆಗಸ್ಟ್ 23

ಒಂದು ವಾರದಿಂದ ಟ್ರಿಪ್ ಇಲ್ಲ. “ರಿಪೇರಿ ಆಯ್ತು,” ಎಂದರು ಮೇಡಂ. ನನ್ನನ್ನು ಯಾರೂ ಬೈಯುತ್ತಿಲ್ಲ. ಗುಬ್ಬಿ ಬಾತ್‌ರೂಮಿನಲ್ಲಿ ಮತ್ತೆ ಗಂಟೆಗಟ್ಟಲೆ ಹಾಡುತ್ತಾಳೆ. ಅದನ್ನು ನಿಲ್ಲಿಸಲು ಯಾವ ಟ್ರಿಪ್ಪರೂ ಇಲ್ಲ.

ಲೈಫ್ ಈಸ್ ಓಕೆ. ಓದಬೇಕು.

ಸೆಪ್ಟೆಂಬರ್ 1, ಸಂಜೆ

‘ಟಿ’ ಒತ್ತಿದೆ.

ಕರೆಂಟು ಹೋಗಲಿಲ್ಲ.

ಮತ್ತೆ ಒತ್ತಿದೆ. ಹೆಬ್ಬೆರಳು ಬಿಳಿಚುವಷ್ಟು ಒತ್ತಿ ಹಿಡಿದೆ. ಟಕ್ ಇಲ್ಲ. ಲೈಟು ಉರಿಯುತ್ತಲೇ ಇದೆ, ಮೇಲೆಲ್ಲೋ ಫ್ಯಾನ್ ತಿರುಗುತ್ತಲೇ ಇದೆ.

ಲೀಡರ್ ಅಕ್ಕ ಮೆಟ್ಟಿಲಿಳಿದು ಬಂದಳು. “ಇವತ್ತು ಒಂದನೇ ತಾರೀಖಲ್ವಾ, ಒತ್ತಲಿಲ್ವಾ?”

“ಒತ್ತಿದೆ.”

“ಒಳ್ಳೇದಾಯ್ತು ಬಿಡು.”

ಟಾರ್ಚ್ ಬಿಟ್ಟು ನೋಡಿದೆ. ಟ್ರಿಪ್ಪರಿಗೆ ಬರಬೇಕಾದ ವೈರ್‌ಗಳನ್ನು ಬಿಚ್ಚಿ, ಅದರ ಹಿಂದೆಯೇ ಒಂದಕ್ಕೊಂದು ಸೇರಿಸಿ ಕಪ್ಪು ಟೇಪ್ ಸುತ್ತಿದ್ದಾರೆ. ಕರೆಂಟು ಅದರ ಪಕ್ಕದಿಂದ ಹಾಯ್ದು ಹೋಗುತ್ತಿದೆ. ಟ್ರಿಪ್ಪರ್ ತನ್ನ ಜಾಗದಲ್ಲಿ, ಲಿವರ್ ಮೇಲೆತ್ತಿಕೊಂಡು, ಸುಮ್ಮನೆ ಕೂತಿದೆ. ಬಾಗಿಲಲ್ಲಿ ವಾಚ್‌ಮನ್ನಿನ ಟೋಪಿ ಮಾತ್ರ ಇಟ್ಟ ಹಾಗೆ.

ಅಣ್ಣನಿಗೆ ಮೆಸೇಜ್ ಹಾಕಿದೆ. ಲೈನ್ ನಿಲ್ಲಿಸಿ ಮಾಡುವ ದೊಡ್ಡ ಶಟ್‌ಡೌನ್ ಕೆಲಸಕ್ಕೆ ದೂರ ಹೋಗಿದ್ದಾನೆ, ಅದು ಮುಗಿಯುವವರೆಗೆ ಫೋನ್ ಲಾಕರಿನಲ್ಲಿರುತ್ತದೆ. ಯಾವಾಗ ನೋಡುತ್ತಾನೋ.

ಸೆಪ್ಟೆಂಬರ್ 2

ಕ್ಲಾಸಿಗೆ ಹೋಗಲಿಲ್ಲ. ಅಂಕಲ್ ಪಂಪ್ ಹೌಸಿನಲ್ಲಿದ್ದರು. ನನ್ನ ಮುಖ ನೋಡದೆಯೇ ಅಂದರು: “ಡೈರೆಕ್ಟ್ ಕೊಟ್ಟಿದ್ದೀನಮ್ಮ. ಹೊಸ ಗೀಸರ್ ಬರೋವರೆಗೆ. ಮೇಡಂ ಹೇಳಿದ್ರು.”

“ನೀವೇ ಅಲ್ವಾ ಅಂಕಲ್ ನನಗೆ ತೋರಿಸಿಕೊಟ್ಟಿದ್ದು, ಇದು ಜೀವ ಕಾಯತ್ತೆ ಅಂತ?”

“ನಾನು ಕಾಂಟ್ರಾಕ್ಟ್ ಮೇಲಿರೋನು. ದಿನಾ ಬೆಳಿಗ್ಗೆ ಕಂಪ್ಲೇಂಟು. ಏನ್ ಮಾಡ್ಲಿ ಹೇಳು.”

ಆಮೇಲೆ ಮೇಡಂ ರೂಮಿಗೆ ಹೋದೆ. ದಾರಿಯಲ್ಲಿ ಇಂಗ್ಲಿಷಿನಲ್ಲಿ ರಿಹರ್ಸಲ್ ಮಾಡಿಕೊಂಡಿದ್ದೆ, ಬಾಯಿಗೆ ಬಂದದ್ದು ತೊದಲು ಕನ್ನಡ. ಮೇಡಂ ಸಮಾಧಾನವಾಗಿಯೇ ಕೇಳಿಸಿಕೊಂಡರು.

“ಬೋರ್ಡಲ್ಲಿ ಎಂಸಿಬಿ ಇದೆಯಲ್ಲಮ್ಮ, ಲೋಡ್ ಜಾಸ್ತಿ ಆದ್ರೆ ಅದು ಬೀಳತ್ತೆ.”

“ಅದು ವೈರ್ ಸುಡದ ಹಾಗೆ ನೋಡ್ಕೊಳ್ಳತ್ತೆ ಮೇಡಂ. ಮನುಷ್ಯರ ಮೈಯಲ್ಲಿ ಹರಿಯೋ ಅಷ್ಟು ಕರೆಂಟು ಅದಕ್ಕೆ ಲೆಕ್ಕಕ್ಕೇ ಇಲ್ಲ.”

“ನೀನು ಯಾವ ಇಯರು?”

“ಫಸ್ಟ್.”

“ಸರ್ಕಿಟ್ಸ್‌ನಲ್ಲಿ ಪಾಸಾದ್ಯಾ?”

“ಇಲ್ಲ ಮೇಡಂ.”

“ನೋಡು ಪುಟ್ಟಾ. ಪರೀಕ್ಷೆ ಹತ್ರ ಬಂತು. ಈಗ ನೀನು ಹೋಗಿ ಎಲ್ಲರಿಗೂ ಹೇಳಿ ಗಾಬರಿ ಮಾಡಿದ್ರೆ, ನಿನ್ನ ಹಾಸ್ಟೆಲ್ ಸೀಟಿನ ಬಗ್ಗೆ ನಾನು ಯೋಚಿಸ್ಬೇಕಾಗತ್ತೆ. ಗೀಸರ್ ಬರತ್ತೆ. ಹೋಗಿ ಓದ್ಕೋ.”

ಥ್ಯಾಂಕ್ಯೂ ಮೇಡಂ ಎಂದು ಬಂದೆ. ಥ್ಯಾಂಕ್ಯೂ ಅಂದೆ ನಾನು.

ಸೆಪ್ಟೆಂಬರ್ 5

ಎರಡನೇ ಮಹಡಿಯ ಬಾತ್‌ರೂಮಿನ ಬಾಗಿಲಿಗೆ ಚೀಟಿ ಅಂಟಿಸಿದೆ. ‘ನೀರು ಕಾದ ಮೇಲೆ ಗೀಸರ್ ಆಫ್ ಮಾಡಿ, ಆಮೇಲೆ ಸ್ನಾನ ಮಾಡಿ.’ ಏಕೆ ಎಂದು ಬರೆಯಲಿಲ್ಲ. ಹೆಸರೂ ಹಾಕಲಿಲ್ಲ. ಮಧ್ಯಾಹ್ನದೊಳಗೆ ಯಾರೋ ಲಿಪ್‌ಸ್ಟಿಕ್‌ನಲ್ಲಿ ಮೀಸೆ ಬರೆದು ಕೆಳಗೆ ‘ಆಯ್ತು ಅಜ್ಜಿ’ ಎಂದು ಸೇರಿಸಿದ್ದರು. ಸಂಜೆಗೆ ಚೀಟಿಯೇ ಇಲ್ಲ.

ಗುಬ್ಬಿಗೆ ಮಾತ್ರ ಎಲ್ಲ ಹೇಳಿದೆ.

“ಅಂದ್ರೆ ಆಫ್ ಮಾಡಿದ್ರೆ ಸೇಫಾ?”

“ಆಫ್ ಮಾಡಿದ್ರೆ ಸೇಫು. ಕರೆಂಟೇ ಒಳಗೆ ಹೋಗಲ್ವಲ್ಲ.”

“ಸರಿ ಬಿಡು. ನಿನ್ನಾಣೆ, ದಿನಾ ಆಫ್ ಮಾಡ್ತೀನಿ. ಪ್ರೂಫ್ ಬೇಕಾ, ಕೂಗಿ ಹೇಳ್ತೀನಿ.”

ಹಾಗೇ ಮಾಡುತ್ತಿದ್ದಾಳೆ. ಹೊರಗಿನ ಸ್ವಿಚ್ ಟಪ್ ಎನ್ನಿಸಿ ಕಾರಿಡಾರಿನುದ್ದಕ್ಕೂ ಕೇಳುವ ಹಾಗೆ — “ಆಫ್ ಮಾಡ್ದೆ ಪೊಲೀಸಮ್ಮಾ.” ನಾನು ರೂಮಿನಿಂದ ಓಕೆ ಎನ್ನುತ್ತೇನೆ. ಆಗ ಮಾತ್ರ ಬಾಗಿಲು ಹಾಕುತ್ತಾಳೆ.

ಉಳಿದವರಿಗೆ ಹೇಳಿಲ್ಲ. ಹೇಳಬೇಕು. ನಾಳೆ.

ಸೆಪ್ಟೆಂಬರ್ 8

ನಾಳೆ.

ಸೆಪ್ಟೆಂಬರ್ 19

ಬರೆಯಲು ಆಗುತ್ತಿಲ್ಲ. ಬರೆಯದಿರಲೂ ಆಗುತ್ತಿಲ್ಲ.

ಗುಬ್ಬಿ ಇಲ್ಲ. ಮೊನ್ನೆ ಬೆಳಿಗ್ಗೆ.

ಸ್ವಿಚ್ ಟಪ್ ಅಂದದ್ದು ಕೇಳಿಸಿತು. “ಆಫ್ ಮಾಡ್ದೆ ಪೊಲೀಸಮ್ಮಾ.” ಓಕೆ ಅಂದೆ. ಹಾಡು ಶುರುವಾಯಿತು. ಬಕೆಟ್ ಬಿದ್ದ ಸದ್ದು. ಹಾಡು ನಿಂತಿತು. ಕೂಗಿದೆ. ಬಾಗಿಲ ಬಳಿ ಅವಳ ಚಪ್ಪಲಿ — ಬಾರು ಕಿತ್ತಿತ್ತು, ಹೊರಗೇ ಬಿಟ್ಟಿದ್ದಳು. ಬರಿಗಾಲಿನಲ್ಲಿ ಒಳಗೆ ಹೋಗಿದ್ದಾಳೆ. ಸ್ವಿಚ್ ನೋಡಿದೆ. ಆಫ್ ಇತ್ತು. ನಾನು ನೋಡಿದ್ದೇನೆ. ಆಫ್ ಇತ್ತು.

ಕೆಳಗೆ ಓಡಿ ಮೇನ್ ಹಿಡಿ ಎಳೆದೆ. ಮೇಲೆ ಬರುವಷ್ಟರಲ್ಲಿ ಬಾಗಿಲು ಒಡೆದಿದ್ದರು. ಕೈ ಇನ್ನೂ ನಲ್ಲಿಯ ಮೇಲೆ. ಸ್ಟೀಲ್ ನಲ್ಲಿ.

ಎದೆ ಒತ್ತಿದೆವು, ಲ್ಯಾಬಿನಲ್ಲಿ ಚಾರ್ಟ್ ಇದೆಯಲ್ಲ, ಹಾಗೆ. ಲೀಡರ್ ಅಕ್ಕ ಆಂಬುಲೆನ್ಸ್ ಬರುವವರೆಗೆ ಒತ್ತುತ್ತಲೇ ಇದ್ದಳು. ಅವಳ ಕೂದಲಿನಿಂದ ನೀರು ತೊಟ್ಟಿಕ್ಕುತ್ತಿತ್ತು.

ಸೆಪ್ಟೆಂಬರ್ 20

ಶಟ್‌ಡೌನ್ ಕೆಲಸ ಮುಗಿಸಿ ಅಣ್ಣ ಫೋನ್ ಮಾಡಿದ. ಎಲ್ಲ ಹೇಳಿದೆ. ಸ್ವಿಚ್ ಆಫ್ ಇತ್ತಾ ಎಂದು ಎರಡು ಸಲ ಕೇಳಿದ. ಆಮೇಲೆ, “ಲ್ಯಾಬಿನ ಟೆಸ್ಟರ್ ಇದೆಯಾ? ಆ ಗೀಸರ್ ಪ್ಲಗ್ ಕಿತ್ತು, ಸ್ವಿಚ್ ಆಫ್ ಇಟ್ಟು, ಸಾಕೆಟ್ ಚೆಕ್ ಮಾಡು. ಒಂದೇ ಕೈ. ಚಪ್ಪಲಿ ಹಾಕ್ಕೊಂಡಿರು.”

ಸಾಕೆಟ್ಟೂ ಹೊರಗಡೆಯೇ, ಸ್ವಿಚ್ಚಿನ ಪಕ್ಕ. ಸ್ವಿಚ್ ಆಫ್. ಟೆಸ್ಟರ್ ಚುಚ್ಚಿದೆ. ದೀಪ ಉರಿಯಿತು.

“ಸ್ವಿಚ್ಚನ್ನ ತಪ್ಪು ವೈರಿಗೆ ಹಾಕಿದ್ದಾರೆ,” ಎಂದ ಅಣ್ಣ. “ಕರೆಂಟು ಬರೋ ವೈರಿಗೆ ಹಾಕ್ಬೇಕು. ಇವರು ವಾಪಸ್ ಹೋಗೋ ವೈರಿಗೆ ಹಾಕಿದ್ದಾರೆ. ಆಫ್ ಮಾಡಿದ್ರೆ ನೀರು ಕಾಯೋದು ನಿಲ್ಲತ್ತೆ ಅಷ್ಟೆ. ಒಳಗೆ ಕರೆಂಟು ಇದ್ದೇ ಇರತ್ತೆ. ನೆಲಕ್ಕೆ ಹೋಗೋ ಅರ್ಥಿಂಗ್ ವೈರೂ ಕಿತ್ತುಹೋಗಿರತ್ತೆ, ಪೈಪು ಪ್ಲಾಸ್ಟಿಕ್ಕು. ಅದಕ್ಕೆ ಬೇರೆ ದಾರೀನೇ ಇರಲಿಲ್ಲ, ಯಾರಾದ್ರೂ ಬರಿಗಾಲಲ್ಲಿ ಮುಟ್ಟೋವರೆಗೆ.”

“ಹಾಗಾದ್ರೆ ಆಗಸ್ಟಲ್ಲಿ ದಿನಾ ಟ್ರಿಪ್ ಆಗ್ತಿದ್ದದ್ದು?”

“ದಿನಾ ಯಾರೋ ಒಬ್ಬಳು ಮುಟ್ಟಿದ್ದಳು. ದಿನಾ ಅದು ಉಳಿಸ್ತಿತ್ತು.”

ಶಾಂಪೂ ಮೆತ್ತಿಕೊಂಡು ಬಂದು ನನ್ನ ಬಾಗಿಲು ಬಡಿದವರು. ಅವರೆಲ್ಲ.

ಆಫ್ ಮಾಡಿದ್ರೆ ಸೇಫು. ನಾನೇ ಹೇಳಿದ್ದು.

ಅಣ್ಣನಿಗೆ ಅದನ್ನು ಹೇಳಿದೆ. “ನಾನಾಗಿದ್ರೂ ಅದನ್ನೇ ಹೇಳ್ತಿದ್ದೆ,” ಎಂದ. ಸುಳ್ಳು. ಅವನಾಗಿದ್ದರೆ ಟೆಸ್ಟರ್ ಇಟ್ಟು ನೋಡದೆ ಸೇಫ್ ಎನ್ನುತ್ತಿರಲಿಲ್ಲ.

ಸೆಪ್ಟೆಂಬರ್ 21

ಗುಬ್ಬಿಯ ಅಮ್ಮ ಸಾಮಾನು ಕಟ್ಟಲು ಬಂದರು. ನನ್ನ ಮಂಚದ ತುದಿಯಲ್ಲಿ ಕೂತು ಅವಳ ಬಟ್ಟೆ ಮಡಚಿದರು. ಒಗೆಯದ ಬಟ್ಟೆಯನ್ನೂ ಒಗೆದದ್ದರ ಹಾಗೇ ನೀಟಾಗಿ. ಚೆಲ್ಲಾಪಿಲ್ಲಿ ಇಟ್ಟಿದ್ದಕ್ಕೆ ಅವಳ ಪರವಾಗಿ ನನ್ನ ಹತ್ತಿರ ಸಾರಿ ಕೇಳಿದರು.

“ಗೀಸರ್ ಆಫ್ ಮಾಡಿರಲಿಲ್ಲವಂತೆ,” ಎಂದರು. “ಮೇಡಂ ಹೇಳಿದ್ರು. ಮನೇಲೂ ಹಾಗೇನೇ ಮಗಾ. ಒಂದು ಲೈಟು ಆರಿಸ್ತಿರಲಿಲ್ಲ. ಎಷ್ಟು ಬೈತಿದ್ದೆ. ಇನ್ನೊಂದು ಸ್ವಲ್ಪ ಬೈಬೇಕಿತ್ತೇನೋ.”

ನಾನು ಬಾಯಿ ತೆರೆದೆ. ಬಾಗಿಲಲ್ಲಿ ವಾರ್ಡನ್ ಮೇಡಂ ನಿಂತಿದ್ದರು. ಒಂದು ಬಟ್ಟೆ ತೆಗೆದು ನಾನೂ ಮಡಚತೊಡಗಿದೆ.

ಅಮ್ಮ ಕಿತ್ತ ಚಪ್ಪಲಿಯನ್ನೂ ಪೇಪರಿನಲ್ಲಿ ಸುತ್ತಿ ತೆಗೆದುಕೊಂಡು ಹೋದರು.

ನಾಳೆ ಸಂಜೆ ಸರ್ಕಾರದ ಎಲೆಕ್ಟ್ರಿಕಲ್ ಇನ್ಸ್‌ಪೆಕ್ಟರ್ ಬರುತ್ತಾರಂತೆ.

ಸೆಪ್ಟೆಂಬರ್ 22, ಮಧ್ಯಾಹ್ನ

ಫೋನಿನಲ್ಲಿ ಟೈಪ್ ಮಾಡಿದರೆ ಎಲ್ಲ ತಪ್ಪಾಗುತ್ತಿದೆ. ಮೊದಲು ಇಲ್ಲಿ ಬರೆದು, ಫೋಟೋ ತೆಗೆದು ಕಳಿಸುತ್ತೇನೆ.

ಅಣ್ಣಾ,

ಹನ್ನೆರಡರ ಹೊತ್ತಿಗೆ ವೈರ್‌ಮನ್ ಅಂಕಲ್ ಟೂಲ್ ಬ್ಯಾಗ್ ಹಿಡಿದು ಬಂದರು. ಮೆಟ್ಟಿಲ ಕೆಳಗೆ ನಾನು ಕೂತಿದ್ದೆ. “ಏಳಮ್ಮ, ಅರ್ಧ ಗಂಟೆ ಕೆಲಸ,” ಎಂದರು. ಡೈರೆಕ್ಟ್ ಬಿಚ್ಚಿ ಟ್ರಿಪ್ಪರಿಗೆ ವಾಪಸ್ ಹಾಕಲು, ಸ್ವಿಚ್ಚಿನ ವೈರ್ ಬದಲಾಯಿಸಲು. ಇನ್ಸ್‌ಪೆಕ್ಟರ್ ಬರುವ ಹೊತ್ತಿಗೆ ಎಲ್ಲ ಸರಿ ಇರುತ್ತದೆ, ತಪ್ಪು ಗುಬ್ಬಿಯದು ಮಾತ್ರ ಇರುತ್ತದೆ.

“ನೀನು ನೋಡೇ ಇಲ್ಲ ಅಂದ್ಕೋ,” ಎಂದರು. ಅವರ ಕಣ್ಣೂ ಕೆಂಪಗಿತ್ತು. “ನನಗೂ ಮಗಳಿದ್ದಾಳೆ.”

“ಗುಬ್ಬೀನೂ ಮಗಳೇ ಅಂಕಲ್.”

ಬ್ಯಾಗ್ ಕೆಳಗಿಟ್ಟು ಮೇಡಂನ ಕರೆಯಲು ಹೋದರು. ಆಗ ಮೇನ್ ಹಿಡಿ ಕೆಳಗೆ ಎಳೆದೆ. ಹಿಡಿಯ ತೂತಿಗೂ ಬೋರ್ಡ್ ಬಾಗಿಲ ಕೊಂಡಿಗೂ ಸೇರಿಸಿ ನಿನ್ನ ಕೆಂಪು ಬೀಗ ಹಾಕಿದೆ. ಈಗ ಯಾರೂ ಆನ್ ಮಾಡುವ ಹಾಗಿಲ್ಲ, ಬಾಗಿಲು ತೆಗೆದು ಏನನ್ನೂ ಬಿಚ್ಚುವ ಹಾಗೂ ಇಲ್ಲ. ಕೀಲಿ ನನ್ನ ಹತ್ತಿರವಿದೆ.

ಇಡೀ ಬ್ಲಾಕಿನಲ್ಲಿ ಕರೆಂಟಿಲ್ಲ. ಮೊದಲು ಎಲ್ಲರೂ ಬೈದರು. ಈ ಸಲ ರೂಮಿಗೆ ಓಡಲಿಲ್ಲ. ಮೆಟ್ಟಿಲ ಮೇಲೆ ನಿಂತು ಹೇಳಿದೆ — ಡೈರೆಕ್ಟ್ ಕೊಟ್ಟದ್ದು, ಸ್ವಿಚ್ಚು, ಗುಬ್ಬಿ ಆಫ್ ಮಾಡಿದ್ದು, ನನಗೆ ಮೊದಲೇ ಗೊತ್ತಿದ್ದದ್ದು, ನಾನು ಹೇಳದೆ ಇದ್ದದ್ದು. ಕೊನೆಯದನ್ನು ಹೇಳುವಾಗ ಯಾರ ಮುಖವನ್ನೂ ನೋಡಲಾಗಲಿಲ್ಲ. ಒಬ್ಬಳು ಎದ್ದು ಹೋಗಿ ವಾಂತಿ ಮಾಡಿದಳು. ಈಗ ಯಾರೂ ಬೈಯುತ್ತಿಲ್ಲ. ಇಬ್ಬರು ಮೇಲೆ ಹೋಗಿ ಗೀಸರ್ ಸ್ವಿಚ್ಚಿನ ಮುಂದೆ ಕಾವಲು ಕೂತಿದ್ದಾರೆ. ಲೀಡರ್ ಅಕ್ಕ ಬೋರ್ಡಿಗೆ ಬೆನ್ನು ಕೊಟ್ಟು ಕೂತಿದ್ದಾಳೆ. ನನ್ನ ಜೊತೆ ಮಾತಾಡುತ್ತಿಲ್ಲ, ಏಳುತ್ತಲೂ ಇಲ್ಲ.

ಮೇಡಂ ಬಂದು ಕೀಲಿ ಕೇಳಿದರು. ಕೊಡಲಿಲ್ಲ. ಪ್ರಿನ್ಸಿಪಾಲರನ್ನು ಕರೆತರಲು ಹೋಗಿದ್ದಾರೆ. ಅಪ್ಪನಿಗೂ ಫೋನ್ ಮಾಡಿದ್ದಾರಂತೆ. ಅಂಕಲ್ ಬೀಗ ಕತ್ತರಿಸಲು ಹ್ಯಾಕ್ಸಾ ಬ್ಲೇಡ್ ತರುತ್ತಿದ್ದಾರೆ.

ಹಾಕಿದವರೇ ತೆಗೆಯಬೇಕು ಎಂದಿದ್ದೆಯಲ್ಲ, ಅದು ನಿಮ್ಮ ಸೈಟಿನಲ್ಲಿ ಮಾತ್ರವಾ, ಇಲ್ಲೂ ನಡೆಯುತ್ತದಾ? ಇನ್ಸ್‌ಪೆಕ್ಟರ್ ಆಫೀಸಿನಲ್ಲಿ ನಿನಗೆ ಗೊತ್ತಿರುವವರಿದ್ದರೆ ಈಗಲೇ ಬರಲು ಹೇಳು. ಸಂಜೆಯಲ್ಲ, ಈಗ. ಮೆಟ್ಟಿಲ ಮೇಲೆ ಬೂಟಿನ ಸದ್ದು ಕೇಳಿಸುತ್ತಿದೆ. ಬೇಗ ರಿಪ್ಲೈ ಮಾಡು.