ನಾವು ಸುಮ್ಮನೆ ಕೂತಿದ್ದ ಆ ಒಂದು ನಿಮಿಷ

ಭಾಷಾ ಕೇಂದ್ರದ ನಿರ್ದೇಶಕರೇ,

'ಮಾನ್ಯರೇ' ಎಂದು ಶುರು ಮಾಡಬೇಕಿತ್ತು, ಮನಸ್ಸು ಬರಲಿಲ್ಲ. ನಮ್ಮ ರಷ್ಯನ್ ತರಗತಿಯನ್ನು ನೀವು ಒಂದೇ ಸಾಲು ಬರೆದು ಮುಚ್ಚಿಸಿದಿರಿ: "ಪರಿಶೀಲನೆಯ ವೇಳೆ ಪಾಠ ನಡೆಯುತ್ತಿರಲಿಲ್ಲ; ಶಿಕ್ಷಕಿಯೂ ವಿದ್ಯಾರ್ಥಿಗಳೂ ಸಿನಿಮಾ ನಿಲ್ಲಿಸಿ ಸುಮ್ಮನೆ ಕುಳಿತಿದ್ದರು." ಆ ಸಾಲಿಗೆ ಉತ್ತರ ಕೊಡಲು ಎಂಟು ತಿಂಗಳು ಕಾದಿದ್ದೇನೆ. ಇವತ್ತು ಎಲ್ಲರ ಎದುರಿಗೇ ಕೊಡುತ್ತೇನೆ.

ನಾನು ಅಂಗಡಿಯೊಂದರಲ್ಲಿ ಕನ್ನಡಕದ ಗಾಜನ್ನು ಫ್ರೇಮಿಗೆ ತಕ್ಕಂತೆ ಕತ್ತರಿಸಿ ಕೂರಿಸುವವಳು. ಆರು ವರ್ಷ, ವಾರಕ್ಕೆರಡು ಸಂಜೆ, ನಿಮ್ಮ ಕಟ್ಟಡದ ಹಿಂಬದಿಯ ಕೋಣೆಯಲ್ಲಿ ಇನ್ನೂ ಹತ್ತು ಮಂದಿಯ ಜೊತೆ ರಷ್ಯನ್ ಕಲಿತೆ. ನಮ್ಮ ಮೇಡಂ ಕಲಿಸುತ್ತಿದ್ದದ್ದು ಅಲ್ಲಿನ ಜನಪದ ಕಥೆಗಳ ಸಿನಿಮಾ ತೋರಿಸಿ. ಪರದೆಯ ಕೆಳಗೆ ಬರುವ ಅನುವಾದ ಕಾಣದಂತೆ ಕಪ್ಪು ಬಟ್ಟೆಯೊಂದನ್ನು ಪಿನ್ನು ಚುಚ್ಚಿ ಕಟ್ಟಿಬಿಡುತ್ತಿದ್ದರು. ಒಂದು ಮಾತು ಕೇಳಿಸುವುದು, ನಿಲ್ಲಿಸುವುದು, ನಮ್ಮಿಂದ ಹೇಳಿಸುವುದು. ನಮ್ಮ ಪೈಕಿ ಬಸ್ ಡ್ರೈವರ್ ಒಬ್ಬರು ಮೂರು ವರ್ಷ ಕರಡಿಯ ಪಾತ್ರವನ್ನು ಯಾರಿಗೂ ಬಿಟ್ಟುಕೊಡಲಿಲ್ಲ. "ಪದ ನಾಳೆ ಮರೆತ್ರೂ ಪರ್ವಾಗಿಲ್ಲ. ಆ ಮನೇಲಿ ಜನ ಹೇಗೆ ಏಳ್ತಾರೆ, ಹೇಗೆ ಕೂರ್ತಾರೆ ನೋಡ್ಕೊಳ್ಳಿ" ಎನ್ನುತ್ತಿದ್ದರು ಮೇಡಂ.

ನೀವು ಬಾಗಿಲು ತಳ್ಳಿಕೊಂಡು ಬಂದ ಸಂಜೆ, ಸಿನಿಮಾದಲ್ಲಿ ಕುಂಬಾರನ ಕಿರಿಮಗಳು ಕಳುವಾದ ಬೇಸಿಗೆಯನ್ನು ಹುಡುಕಿ ತರಲು ಕಾಡಿಗೆ ಹೊರಟಿದ್ದಳು. ರಷ್ಯದ ಮನೆಗಳಲ್ಲಿ ದೂರ ಪ್ರಯಾಣಕ್ಕೆ ಮುಂಚೆ ಹೋಗುವವರೂ ಉಳಿಯುವವರೂ ಒಂದು ನಿಮಿಷ ಮಾತಿಲ್ಲದೆ ಕೂರುತ್ತಾರೆ. ಪರದೆಯ ಮೇಲೆ ಅವಳ ಅಪ್ಪ, ಅಮ್ಮ, ಅಜ್ಜಿ ಕೂತರು. ಮೇಡಂ ಚಿತ್ರ ನಿಲ್ಲಿಸಿ ನಮ್ಮನ್ನೂ ಹಾಗೇ ಕೂರಿಸಿದರು, ತಾವೂ ಕೂತರು. ನಿಮ್ಮ ಕಣ್ಣಿಗೆ ಬಿದ್ದದ್ದು ಹನ್ನೆರಡು ಸೋಮಾರಿಗಳು. ಒಂದು ಪ್ರಶ್ನೆ ಕೇಳಿದ್ದರೆ ನಿಮ್ಮ ಗಂಟೇನು ಹೋಗುತ್ತಿತ್ತು? ಅದೂ ಬೇಡ, ಬಾಗಿಲಲ್ಲಿ ಇನ್ನೊಂದು ನಿಮಿಷ ನಿಂತಿದ್ದರೆ ಕಾಲು ಸವೆದುಹೋಗುತ್ತಿತ್ತೇ?

ಇಪ್ಪತ್ತೆರಡು ವರ್ಷ ಕಲಿಸಿದ ಮೇಡಂ ಆ ಕಪ್ಪು ಬಟ್ಟೆಯನ್ನು ಮಡಚಿ ಚೀಲಕ್ಕೆ ಹಾಕಿಕೊಂಡು ಹೋದರು. ಈಗ ಮನೆಯಿಂದ ಹೊರಗೇ ಬರುವುದಿಲ್ಲ. ನಾನು ಹೋದಾಗಲೆಲ್ಲ ಅದೇ ಮಾತು: "ಸುಮ್ನೆ ಕೂತಿದ್ಲು ಅಂತ ಬರೆದ್ಬಿಟ್ರಲ್ಲಮ್ಮ."

ಹೋದ ತಿಂಗಳು ರಷ್ಯದಿಂದ ಐವರು ಅತಿಥಿಗಳು ನಿಮ್ಮ ಕೇಂದ್ರಕ್ಕೆ ಬಂದರು. ತರಗತಿ ಮುಚ್ಚಿದ ಮೇಲೆ ಆ ಭಾಷೆ ಬಲ್ಲವರು ನಿಮ್ಮಲ್ಲಿ ಯಾರಿದ್ದರು? ಮೇಡಂಗೆ ಫೋನ್ ಮಾಡಲು ಮುಖವಿರಲಿಲ್ಲ. ಅನುವಾದಕ್ಕೆ ನನ್ನನ್ನು ಕರೆಸಿದಿರಿ. ಅತಿಥಿಗಳಲ್ಲಿ ಹಿರಿಯ ಹೆಂಗಸಿಗೆ ಕೊಡಲು ಹನ್ನೆರಡು ಗುಲಾಬಿ ತರಿಸಿದ್ದಿರಿ. "ಸರಿಯಾಗಿದ್ಯೇನಮ್ಮ?" ಎಂದು ನನ್ನನ್ನೇ ಕೇಳಿದಿರಿ. "ಬಹಳ ಚೆನ್ನಾಗಿದೆ ಸಾರ್" ಎಂದೆ. ಅವರಲ್ಲಿ ಬದುಕಿರುವವರಿಗೆ ಕೊಡುವುದು ಬೆಸ ಸಂಖ್ಯೆಯ ಹೂ. ಸಮ ಸಂಖ್ಯೆ ಸತ್ತವರಿಗೆ. ಇದನ್ನು ನಾವು ಎರಡನೇ ವಾರದ ಸಿನಿಮಾದಲ್ಲೇ ಕಲಿತಿದ್ದೆವು. ಆಕೆ ಎಣಿಸಿದರು, ನಕ್ಕರು, ಒಂದು ಹೂವನ್ನು ತೆಗೆದು ನನ್ನ ಕೈಗಿತ್ತರು. ಅವರ ಮುಂದೆ ನನಗೆ ನಾಚಿಕೆಯಾಯಿತು. ನಿಮ್ಮ ವಿಷಯದಲ್ಲಿ ಮಾತ್ರ ಎಳ್ಳಷ್ಟೂ ಪಶ್ಚಾತ್ತಾಪವಿಲ್ಲ.

ಹೊರಡುವ ಹೊತ್ತಿಗೆ ಅತಿಥಿಗಳೆಲ್ಲ ಸೂಟ್‌ಕೇಸುಗಳನ್ನು ಪಕ್ಕಕ್ಕಿಟ್ಟು, ನಿಮ್ಮ ಹಜಾರದ ಕುರ್ಚಿಗಳಲ್ಲಿ ಮಾತಿಲ್ಲದೆ ಕೂತರು. ನಾನೂ ಕೂತೆ. ನೀವೊಬ್ಬರೇ ನಿಂತು ಚಡಪಡಿಸಿದಿರಿ.

"ಏನಾಯ್ತಮ್ಮ? ಬೇಜಾರಾಯ್ತಾ ಅವರಿಗೆ? ಯಾಕೆ ಹೀಗೆ ಸುಮ್ನೆ ಕೂತ್ಬಿಟ್ರು?"

"ಏನಿಲ್ಲ ಸಾರ್, ಪಾಠ ನಡೀತಿಲ್ಲ" ಎಂದೆ.

ನಿಮಗೆ ಅರ್ಥವಾಯಿತು. ಕಿವಿಯವರೆಗೂ ಕೆಂಪಾದಿರಿ. ಆದರೂ ಇಂದಿಗೆ ಮೂರು ವಾರವಾಯಿತು, ಆ ಕೋಣೆಯ ಬೀಗ ತೆಗೆದಿಲ್ಲ.

ಆದ್ದರಿಂದ ಈ ಪತ್ರ. ಬೀಗ ತೆಗೆಸಿ. ಆ ಸಾಲನ್ನು ನಿಮ್ಮ ಕೈಯಾರೆ ಹೊಡೆದುಹಾಕಿ, ಆ ಹಾಳೆಯನ್ನು ಮೇಡಂ ಮನೆಗೆ ನೀವೇ ಒಯ್ದು ತೋರಿಸಿ. ಜೊತೆಗೆ ಹೂವನ್ನೂ ಒಯ್ಯಿರಿ, ಎಣಿಸಿಕೊಂಡು. ಅವರು ಕೂರಿ ಎಂದರೆ ಬಾಯಿ ಮುಚ್ಚಿ ಕೂತು, ಅವರು ಎದ್ದ ಮೇಲೆ ಏಳಿ. ಇದಾವುದೂ ಆಗದಿದ್ದರೆ ಚಿಂತೆಯಿಲ್ಲ. ಮುಂದಿನ ವರ್ಷವೂ ಅತಿಥಿಗಳು ಬರುತ್ತಾರಂತೆ. ಅನುವಾದಕ್ಕೆ ನಾನೇ ಬರುತ್ತೇನೆ.

ಇಂತಿ,
ನಿಮ್ಮ ವರದಿಯ ಪ್ರಕಾರ ಆರು ವರ್ಷ ಏನೂ ಕಲಿಯದವಳು